ಡಿ.ವಿ.ಡಿ. ಪ್ರತೀಕರಣದಲ್ಲಿ ಚಿತ್ರಗುಣದ ರಕ್ಷಣೆ

ಓಲೆಗ್ರಂಥಗಳನ್ನು ಪರಿಶೋಧಿಸುವವರಿಗೆ ಲಿಪಿಕಾರರ ಪ್ರಮಾದವೆಂಬುದು ಹೊಸ ವಿಷಯವಲ್ಲ. ಮಾತೃಕೆಯಿಂದ ಪ್ರತಿ, ಪ್ರತಿಯಿಂದ ಮತ್ತೊಂದು ಪ್ರತಿ, ಹೀಗೆ ಇಳಿದುಬಂದಂತೆಲ್ಲ ಪಾಠವು ಕೆಡುತ್ತ ಹೋಗುವುದು. ವೀಡಿಯೋ ಕಡತವನ್ನು ಡಿ.ವಿ.ಡಿ.ಗೆ ಮಾರ್ಪಡಿಸುವಲ್ಲಿಯೂ ಇದೇ ಅಪಾಯವುಂಟು. ಭೇದವೇನೆಂದರೆ, ಇಲ್ಲಿ ಲೋಪವು ಪ್ರಮಾದದಿಂದಲ್ಲ, ಬುದ್ಧಿಪೂರ್ವಕವಾಗಿಯೇ ನಡೆಯುತ್ತದೆ.

ಪಾಲ್ ಪದ್ಧತಿಯ ಡಿ.ವಿ.ಡಿ.ಯಲ್ಲಿ ಪೂರ್ಣಪ್ರಮಾಣದ ಒಂದೊಂದು ಚಿತ್ರಕ್ಕೂ ಅಡ್ಡಲಾಗಿ ೭೨೦, ಉದ್ದಕ್ಕೆ ೫೭೬ ಬಿಂದುಗಳು. ಸೆಕೆಂಡಿಗೆ ೨೫ ಚಿತ್ರಗಳು. ವರ್ಣಾಂಶವನ್ನು ನಿಯಮಾನುಸಾರವಾಗಿ ಕಡಿಮೆ ಮಾಡಿಕೊಂಡರೂ ಸೆಕೆಂಡಿಗೆ ಸುಮಾರು ೧೨೪ ಮೆಗಾಬಿಟ್ಟುಗಳು ಬೇಕಾಗುವುವು. ಏಕಪದರದ ತಟ್ಟೆಯು ಹಿಡಿಯುವುದು ೪೭೦ ಕೋಟಿ ಬೈಟುಗಳನ್ನು ಮಾತ್ರ. ಸಂಕೋಚವಿಲ್ಲದೆ ಬರೆದರೆ ಅದು ಐದು ನಿಮಿಷಗಳಲ್ಲಿಯೇ ತುಂಬಿಹೋಗುವುದು. ಆದಕಾರಣ ಎಂಪೆಗ್-೨ ಎಂಬ ಸಂಕೋಚಕ್ರಮವು ಅವಶ್ಯಕವಾಯಿತು.

ಈ ಕ್ರಮದ ತಳಹದಿಯಾದ ಕೊಸೈನ್ ಪರಿವರ್ತನೆಯನ್ನು ಕಲ್ಪಿಸಿದವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಾಸಿರ್ ಅಹಮದರು ಎಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. ಟಿ. ನಟರಾಜನ್, ಕೆ. ಆರ್. ರಾವ್ ಇವರೊಡನೆ ಅವರು ೧೯೭೪ರಲ್ಲಿ ಇದನ್ನು ಪ್ರಕಟಿಸಿದರು. ಚಿತ್ರವನ್ನು ೮ × ೮ ಬಿಂದುಗಳ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದನ್ನೂ ಸ್ಥೂಲಸೂಕ್ಷ್ಮ ತರಂಗಗಳ ೬೪ ಗುಣಕಗಳಾಗಿ ಬರೆಯುವುದೇ ಇದರ ಸ್ವರೂಪ. ಇಷ್ಟರಿಂದ ಹೆಚ್ಚಾಗಿ ಏನೂ ನಷ್ಟವಾಗದು. ನಷ್ಟವು ಆ ಮೇಲಿನ ಹೆಜ್ಜೆಯಲ್ಲಿ: ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಾಂಶಗಳನ್ನು ಒರಟು ಅಳತೆಗೆ ಇಳಿಸಿ, ಬಹುಮಟ್ಟಿಗೆ ಸೊನ್ನೆಯಾಗಿಸುವರು. ಹಾಗೆ ಸೊನ್ನೆಯಾದುದು ಮರಳಿ ಬಾರದು. ಬಿಟ್ಟುಗಳು ತೀರ ಸಾಲದೆ ಹೋದಾಗ ಆ ಚೌಕಗಳ ಅಂಚುಗಳೇ ತೆರೆಯ ಮೇಲೆ ಎದ್ದು ಕಾಣುವುವು.

ಹೀಗಿರಲು ಮುಖ್ಯವಾಗಿ ವಿಚಾರಿಸತಕ್ಕದ್ದು ಕಾಲಪ್ರಮಾಣ. ಎರಡು ಗಂಟೆಯ ಚಿತ್ರಕ್ಕೆ ಧ್ವನಿಯೂ ಸೇರಿ ಸೆಕೆಂಡಿಗೆ ೫.೨ ಮೆಗಾಬಿಟ್ಟು ದೊರೆಯುವುದು. ಇದು ತಕ್ಕಮಟ್ಟಿಗೆ ಸಾಕು. ಮೂರು ಗಂಟೆಯನ್ನು ತುರುಕಿದರೆ ೩.೫ಕ್ಕೆ ಇಳಿಯುವುದು, ಅಂಥ ಚಿತ್ರವನ್ನು ಎರಡು ತಟ್ಟೆಗಳಿಗೆ ಹಂಚುವುದೇ ಲೇಸು. ಒಂದು ಗಂಟೆಯ ಚಿತ್ರಕ್ಕಾದರೋ ಸ್ಥಳವು ಮಿಗುವುದು, ಏಕೆಂದರೆ ಚಿತ್ರಭಾಗಕ್ಕೆ ೯.೮ ಮೆಗಾಬಿಟ್ಟೇ ಪರಮಾವಧಿ. ಸಂಕೋಚವನ್ನು ಎರಡು ಸುತ್ತುಗಳಲ್ಲಿ ನಡೆಸುವುದು ಉತ್ತಮ: ಮೊದಲ ಸುತ್ತು ಯಾವ ದೃಶ್ಯದಲ್ಲಿ ಚಲನೆ ಅಧಿಕವೆಂದು ಪರೀಕ್ಷಿಸುವುದು, ಎರಡನೆಯದು ಅದಕ್ಕನುಗುಣವಾಗಿ ಬಿಟ್ಟುಗಳನ್ನು ಹಂಚುವುದು. ಮಳೆ, ಹೊಗೆ, ಜನಸಂದಣಿ ಇವುಗಳಿಗೆ ಹೆಚ್ಚು. ನಿಂತು ಮಾತನಾಡುವವನಿಗೆ ಕಡಿಮೆ.

ಮೂಲವು ಸಣ್ಣದಾಗಿದ್ದರೆ ಹಿಗ್ಗಿಸಿದ ಮಾತ್ರಕ್ಕೆ ಹೊಸ ವಿವರ ಹುಟ್ಟದು. ಮೂಲವು ಡಿ.ವಿ.ಡಿ. ನಿಯಮಕ್ಕೆ ಒಪ್ಪುವ ಎಂಪೆಗ್-೨ ಕಡತವೇ ಆಗಿದ್ದರೆ ಅದನ್ನು ಮತ್ತೆ ಸಂಕೋಚಿಸಲೇ ಕೂಡದು; ಇದ್ದಂತೆಯೇ ತಟ್ಟೆಗೆ ಬರೆಯಬಹುದು. ಸಾಲುಬಿಟ್ಟು ಸಾಲಿನ ಎರಡು ಅರೆಚಿತ್ರಗಳಾಗಿ ಸೆರೆಹಿಡಿದ ಮೂಲವಾದರೆ ಅವುಗಳ ಪೌರ್ವಾಪರ್ಯವನ್ನು ಕಾಯ್ದುಕೊಳ್ಳಬೇಕು. ಅದು ತಿರುವುಮುರುವಾದರೆ, ನಡೆಯುವವನು ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಜಗ್ಗಿದಂತೆ ಕಾಣುವನು.