ಸೀರೆಯ ಬಣ್ಣಕ್ಕೆ ದಾರದ ಬಳೆ

ಕನಕಾಂಬರ ಬಣ್ಣದ ಸೀರೆ, ಗಿಳಿಹಸಿರು ಅಂಚು. ಇದಕ್ಕೊಪ್ಪುವ ಬಳೆ ಬೇಕೆಂದು ಹೊರಟರೆ ಪೇಟೆಯೆಲ್ಲ ಸುತ್ತಿದರೂ ಹತ್ತಿರದ ಬಣ್ಣ ಸಿಕ್ಕೀತು, ಅದೇ ಬಣ್ಣ ಸಿಗುವುದು ಕಷ್ಟ. ಈ ಕೊರತೆಯನ್ನು ಮನೆಯಲ್ಲೇ ನೀಗಿಸಿಕೊಂಡವರು ನಮ್ಮ ಹೆಣ್ಣುಮಕ್ಕಳು. ಒಂದು ಪ್ಲಾಸ್ಟಿಕ್ ಬಳೆ, ಒಂದು ಉಂಡೆ ‘ಸಿಲ್ಕ್ ಥ್ರೆಡ್’, ಒಂದಿಷ್ಟು ಅಂಟು, ಮೇಲೊಂದು ಸಾಲು ಹೊಳೆಯುವ ಕಲ್ಲು. ಯೂಟ್ಯೂಬ್ ನೋಡಿ ಕಲಿತು, ಅಕ್ಕಪಕ್ಕದವರಿಗೆ ಕಲಿಸಿ, ಇವತ್ತು ಮದುವೆ ಮನೆಯಲ್ಲಿ ರೇಷ್ಮೆ ಸೀರೆಯ ಜೊತೆಗೂ ಸಂಕೋಚವಿಲ್ಲದೆ ತೊಡುವ ಮಟ್ಟಕ್ಕೆ ಈ ದಾರದ ಬಳೆ, ಜುಮುಕಿಗಳನ್ನು ತಂದಿದ್ದಾರೆ.

ಮನೆಯಲ್ಲಿ ಮಾಡುವ ಒಡವೆಗಳು ಇನ್ನೂ ಇವೆ. ಆದರೆ ಜೇಡಿಮಣ್ಣಿನ ಓಲೆಯನ್ನು ಒಣಗಿಸಿ ಸುಡಬೇಕು; ಕಾಗದ ಸುರುಳಿ ಸುತ್ತಿ ಮಾಡುವ ಕ್ವಿಲ್ಲಿಂಗ್ ಓಲೆ ಮಳೆಗೆ, ಬೆವರಿಗೆ ಅಂಜುತ್ತದೆ; ಚನ್ನಪಟ್ಟಣದ ಅರಗಿನ ಮಣಿ ಅಂದವೇನೋ ಹೌದು, ಅದನ್ನು ಕಡೆಯಲು ಚರಕಿ ಬೇಕು, ಪಳಗಿದ ಕೈ ಬೇಕು. ದಾರಕ್ಕೆ ಬೇಕಾದದ್ದು ಕತ್ತರಿ ಮತ್ತು ತಾಳ್ಮೆ. ಇಷ್ಟು ಬೇಗ ಹರಡಲು ಇದೇ ಕಾರಣವೆಂದು ನನಗನ್ನಿಸುತ್ತದೆ.

ಹೆಸರಿನಲ್ಲಿ ರೇಷ್ಮೆಯಿದ್ದರೂ ಈ ದಾರಕ್ಕೂ ರಾಮನಗರದ ಗೂಡಿನ ಮಾರುಕಟ್ಟೆಗೂ ಸಂಬಂಧವಿಲ್ಲ. ಅಂಗಡಿಯ ಉಂಡೆಗಳಲ್ಲಿ ಹೆಚ್ಚಿನವು ಕೃತಕ ರೇಷ್ಮೆ, ಅಂದರೆ ವಿಸ್ಕೋಸ್ ರೇಯಾನ್ ಅಥವಾ ಪಾಲಿಯೆಸ್ಟರ್. ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಎಳೆಯಾಗಿ ಎಳೆಯುವ ವಿಸ್ಕೋಸ್ ವಿಧಾನಕ್ಕೆ 1892ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತು. ರೇಯಾನಿಗೆ ಬೇಕಾದ ತಿರುಳನ್ನು ನಮ್ಮ ಹರಿಹರದ ಪಕ್ಕದ ಕುಮಾರಪಟ್ಟಣದಲ್ಲೂ, ತುಂಗಭದ್ರೆಯ ದಂಡೆಯ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಕೃತಕ ರೇಷ್ಮೆ ಎಂದು ಮೂಗು ಮುರಿಯಬೇಕಾಗಿಲ್ಲ. ಇಳಕಲ್ಲ ಸೀರೆಯ ಕೆಂಪು–ಬಿಳಿ ಸೆರಗಿನಲ್ಲೂ ಎಷ್ಟೋ ಕಾಲದಿಂದ ಇದೇ ಬಗೆಯ ನೂಲು ಹೊಳೆಯುತ್ತಿದೆ. ಹಾಗಾಗಿಯೇ ಇಳಕಲ್ಲ ಸೀರೆಯ ಜೊತೆ ದಾರದ ಬಳೆ ಅಷ್ಟು ಚೆನ್ನಾಗಿ ಹೊಂದುತ್ತದೆ.

ದಾರ ಕೊಳ್ಳುವುದೇ ಅರ್ಧ ಕೆಲಸ. ಬೆಂಗಳೂರಿನವರಿಗೆ ಮಾಮೂಲ್‌ಪೇಟೆ, ಚಿಕ್ಕಪೇಟೆಯ ಗಲ್ಲಿಗಳಿವೆ. ಬೇರೆ ಊರುಗಳಲ್ಲಿ ಫಾಲ್ಸು, ಲೈನಿಂಗು ಮಾರುವ ಮ್ಯಾಚಿಂಗ್ ಸೆಂಟರಿನಲ್ಲೇ ಉಂಡೆಗಳು ಸಿಗುತ್ತವೆ. ಮೊಬೈಲಿನಲ್ಲಿ ಸೀರೆಯ ಫೋಟೊ ತೋರಿಸಿ ದಾರ ಆರಿಸುವವರು ಮನೆಗೆ ಬಂದು ಪೇಚಾಡುತ್ತಾರೆ. ರವಿಕೆ ಹೊಲಿಸಿ ಉಳಿದ ಚೂರು ಬಟ್ಟೆಯನ್ನೇ ಒಯ್ಯಬೇಕು. ಅಂಗಡಿಯ ಟ್ಯೂಬ್‌ಲೈಟಿನಡಿ ಒಂದೇ ಎನಿಸಿದ ಎರಡು ಬಣ್ಣ ಬಿಸಿಲಿನಲ್ಲಿ ಬೇರೆಯಾಗಿಬಿಡುತ್ತವೆ, ಅದರಲ್ಲೂ ನೇರಳೆ ಮತ್ತು ಆನಂದ ಬಣ್ಣಗಳು. ಉಂಡೆಯನ್ನೂ ಚೂರನ್ನೂ ಹಿಡಿದು ಬಾಗಿಲಿನ ಬೆಳಕಿಗೆ ಬಂದು ನೋಡಿಯೇ ದುಡ್ಡು ಕೊಡಿ. ಉಂಡೆಯ ಮೇಲೆ ಶೇಡ್ ನಂಬರ್ ಇದ್ದರೆ ಬರೆದಿಟ್ಟುಕೊಳ್ಳಿ. ನಡುವೆ ದಾರ ಮುಗಿದರೆ ಉಪಯೋಗಕ್ಕೆ ಬರುತ್ತದೆ.

ಬಳೆಯ ಅಳತೆಯದು ಇನ್ನೊಂದು ವಿಷಯ. ಎರಡೂ ನಾಲ್ಕು, ಎರಡೂ ಆರು ಎಂದು ಕೇಳಿ ಕೊಳ್ಳುತ್ತೇವೆ. 2.4 ಅಂದರೆ ಎರಡು ಇಂಚು, ಜೊತೆಗೆ ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕು ಪಾಲು. ಒಟ್ಟು ಎರಡೂಕಾಲು ಇಂಚಿನ ಒಳವ್ಯಾಸ. 2.10 ಸೈಜು 2.8ಕ್ಕಿಂತ ದೊಡ್ಡದಾಗಿರುವುದು ಹೀಗೆ. ಒಂದು ಸೈಜಿಗೂ ಮುಂದಿನದಕ್ಕೂ ಇರುವ ಅಂತರ ಮೂರು ಮಿಲಿಮೀಟರಿನಷ್ಟು. ಒಳಬದಿಗೂ ದಾರ, ಅಂಟು ಬರುವುದರಿಂದ ಬಳೆ ತುಸು ಬಿಗಿಯಾಗುತ್ತದೆ. ಗಾಜಿನ ಬಳೆ ಕೈಗೆ ಒತ್ತಿ ಏರಿಸಿಕೊಳ್ಳುವವರು ದಾರದ ಬಳೆಗೆ ಒಂದು ಸೈಜು ದೊಡ್ಡದನ್ನು ತೆಗೆದುಕೊಳ್ಳುವುದು ಲೇಸು.

ಇನ್ನು ಸುತ್ತುವ ಕೆಲಸ. ಒಂದೊಂದೇ ಎಳೆ ಸುತ್ತುತ್ತ ಕೂತರೆ ದಿನ ಸಾಲದು. ಉದ್ದ ನೋಟ್‌ಬುಕ್ಕಿಗೆ ದಾರವನ್ನು ಇಪ್ಪತ್ತು ಸುತ್ತು ಸುತ್ತಿ ಒಂದು ಬದಿಯಲ್ಲಿ ಕತ್ತರಿಸಿದರೆ ಇಪ್ಪತ್ತು ಎಳೆಯ ಜೊಂಪೆ ಕೈಗೆ ಬರುತ್ತದೆ. ಅದರ ತುದಿಯನ್ನು ಬಳೆಯ ಒಳಬದಿಗೆ ಫ್ಯಾಬ್ರಿಕ್ ಗ್ಲೂನಿಂದ ಅಂಟಿಸಿ, ಒಣಗಲು ಬಿಡಬೇಕು. ಆಮೇಲೆ ಎಡಗೈ ಹೆಬ್ಬೆರಳಿನಿಂದ ಜೊಂಪೆಯನ್ನು ಬಳೆಯ ಮೇಲೆ ಚಪ್ಪಟೆಯಾಗಿ ಸವರುತ್ತ, ಬಲಗೈಯಿಂದ ಒಂದೇ ಹದದಲ್ಲಿ ಎಳೆದು ಸುತ್ತಬೇಕು. ಇಪ್ಪತ್ತೂ ಎಳೆಗಳು ಪಕ್ಕಪಕ್ಕ ಮಲಗಬೇಕು. ಒಂದು ಎಳೆ ಮುರಿಗೊಂಡರೂ ಬೆಳಕು ಅಲ್ಲೇ ಒಡೆದು ಗೀರು ಕಾಣುತ್ತದೆ. ಬಳೆಯ ಹೊರಸುತ್ತು ದೊಡ್ಡದು, ಒಳಸುತ್ತು ಚಿಕ್ಕದು. ಹಾಗಾಗಿ ಒಳಗೆ ಸುತ್ತುಗಳು ಸ್ವಲ್ಪ ಒಂದರ ಮೇಲೊಂದು ಕೂತರೂ ಚಿಂತೆಯಿಲ್ಲ, ಹೊರಗೆ ಸಂದು ಬೀಳಬಾರದು. ಅಂಟು ಒಳಬದಿಗಷ್ಟೇ. ಹೊರಗೆ ಒಂದು ಹನಿ ಬಿದ್ದರೂ ಅಲ್ಲಿ ದಾರ ಕಪ್ಪಾಗಿ ಹೊಳಪು ಕಳೆದುಕೊಳ್ಳುತ್ತದೆ, ಒರೆಸಿದರೆ ಇನ್ನಷ್ಟು ಹರಡುತ್ತದೆ. ಕೈ ಪಳಗಿದವರ ಬಳೆಯಲ್ಲಿ ಸುತ್ತು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಿದರೂ ಕಾಣುವುದಿಲ್ಲ.

ಜುಮುಕಿ ಇದಕ್ಕಿಂತ ಚೂರು ಸವಾಲಿನದು. ಗಂಟೆಯಾಕಾರದ ಪ್ಲಾಸ್ಟಿಕ್ ಬೇಸಿನ ನೆತ್ತಿಯಲ್ಲೊಂದು ತೂತು. ದಾರ ಆ ತೂತಿನೊಳಗಿಂದ ಹೊರಬಂದು, ಮೈಮೇಲೆ ಇಳಿದು, ಅಂಚು ದಾಟಿ ಮತ್ತೆ ಒಳಗೆ ಹೋಗಬೇಕು. ಅಂಚಿನ ಸುತ್ತಳತೆ ಹೆಚ್ಚು, ತೂತಿನದು ಕಡಿಮೆ. ದಾರವೆಲ್ಲ ನೆತ್ತಿಯಲ್ಲಿ ಒತ್ತೊತ್ತಾಗಿ ಗುಪ್ಪೆಯಾಗುತ್ತದೆ. ಅದನ್ನು ಮರೆಮಾಡಲೆಂದೇ ಮೇಲೆ ಬಂಗಾರದ ಬಣ್ಣದ ಪುಟ್ಟ ಬೀಡ್ ಕ್ಯಾಪ್ ಕೂರಿಸುವುದು. ಅಂಚಿಗೆ ಸ್ಟೋನ್ ಚೈನು, ಒಳಗೊಂದು ಮುತ್ತು ತೂಗುಬಿಟ್ಟರೆ ಜುಮುಕಿ ಸಿದ್ಧ. ಕೊಂಡಿಯ ಉಂಗುರ ಬಿಚ್ಚುವಾಗ ಬಾಯಿಯನ್ನು ಅಗಲಿಸಬೇಡಿ, ಆಕಾರ ಕೆಟ್ಟು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ ತೆರೆಯಬೇಕು, ಹಾಗೆಯೇ ಮುಚ್ಚಬೇಕು. ಮದುವೆ ಮನೆಯಲ್ಲಿ ಒಂಟಿ ಜುಮುಕಿ ಕಳೆದುಕೊಂಡವರಲ್ಲಿ ಅನೇಕರಿಗೆ ಈ ಸಣ್ಣ ಉಂಗುರವೇ ಕೈಕೊಟ್ಟಿರುತ್ತದೆ.

ಕಿವಿಗೆ ಚುಚ್ಚುವ ಕೊಕ್ಕೆಯಲ್ಲಿ ಮಾತ್ರ ಉಳಿತಾಯ ಬೇಡ. ಅಗ್ಗದ ಕೊಕ್ಕೆಗಳಲ್ಲಿ ನಿಕಲ್ ಇರಬಹುದು. ಕೆಲವರಿಗೆ ಅದರಿಂದ ಕಿವಿ ತುರಿಸಿ ಕೀವಾಗುವುದುಂಟು. ಮೈಗೆ ತಾಗುವ ಒಡವೆಗಳ ನಿಕಲ್‌ಗೆ ಯುರೋಪ್ ಒಕ್ಕೂಟ 1994ರಲ್ಲೇ ಮಿತಿ ಹಾಕಿತು. ದಾರ, ಕಲ್ಲು, ಬೇಸು ಎಷ್ಟು ಅಗ್ಗದ್ದಾದರೂ ಇರಲಿ, ಕೊಕ್ಕೆ ಬೆಳ್ಳಿಯದೋ ಸರ್ಜಿಕಲ್ ಸ್ಟೀಲಿನದೋ ಆಗಿರಲಿ. ಮಾರುವವರಂತೂ ಇದನ್ನು ಮರೆಯಲೇಬಾರದು.

ಗೌರಿ–ಗಣೇಶ, ದೀಪಾವಳಿ, ಮದುವೆ ಸೀಸನ್ ಬಂತೆಂದರೆ ಬಳೆಯ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ ಆರ್ಡರ್ ತೆಗೆದುಕೊಳ್ಳುವವರು ಈಗ ಊರೂರಲ್ಲಿದ್ದಾರೆ. ಇಲ್ಲಿ ನನಗೆ ಸಂಕಟ ತರುವ ಮಾತೊಂದಿದೆ. ದಾರ, ಕಲ್ಲು, ಅಂಟಿನ ಖರ್ಚು ಲೆಕ್ಕ ಹಾಕಿ ಅದರ ಮೇಲೆ ಇಪ್ಪತ್ತೋ ಮೂವತ್ತೋ ಸೇರಿಸಿ ಬೆಲೆ ಹೇಳುವವರೇ ಹೆಚ್ಚು. ‘ಮನೇಲಿ ಕೂತು ಮಾಡಿದ್ದು ತಾನೇ, ಕಮ್ಮಿ ಮಾಡ್ಕೊಡಮ್ಮ’ ಎಂದು ಅದನ್ನೂ ಚೌಕಾಸಿ ಮಾಡುವವರಿದ್ದಾರೆ. ಕುಚ್ಚು ಹಾಕುವವರಿಗೂ ಇದೇ ಪಾಡು. ಒಂದು ಸೆಟ್ಟಿಗೆ ಎಷ್ಟು ಗಂಟೆ ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಿ, ಆ ಗಂಟೆಗಳಿಗೆ ಕೂಲಿ ಕಟ್ಟಿ ಬೆಲೆ ಹೇಳಿ. ಬೆನ್ನು, ಕಣ್ಣು ಎರಡನ್ನೂ ದಣಿಸುವ ಕೆಲಸವಿದು. ಕೊಳ್ಳುವವರೂ ಒಮ್ಮೆ ಕೂತು ಒಂದೇ ಒಂದು ಬಳೆ ಸುತ್ತಿ ನೋಡಿದರೆ ಚೌಕಾಸಿಗೆ ಬಾಯಿ ಬಾರದು.

ಗೌರಿಯ ಬಾಗಿನಕ್ಕೂ ಸೀಮಂತದ ಶಾಸ್ತ್ರಕ್ಕೂ ಗಾಜಿನ ಬಳೆಯೇ ಆಗಬೇಕೆನ್ನುವ ಮನೆಗಳೇ ಹೆಚ್ಚು. ದಾರದ ಬಳೆ ಆ ಜಾಗಕ್ಕೆ ಆಸೆಪಟ್ಟಿಲ್ಲ. ಸೀಮಂತಕ್ಕೆ ಬಂದವರಿಗೆ ಕೊಡುವ ಉಡುಗೊರೆಯಾಗಿ ಮಾತ್ರ ಒಳಗೆ ಬಂದಿದೆ.

ನೀರು, ಸೆಂಟು ತಾಗದಂತೆ ಜಿಪ್ ಕವರಿನಲ್ಲಿಟ್ಟರೆ ಬಳೆಯ ಹೊಳಪು ಹೆಚ್ಚು ದಿನ ಉಳಿಯುತ್ತದೆ. ಮಾಸಿದ ಮೇಲೆ ಎಸೆಯಬೇಕಾಗಿಲ್ಲ. ಸ್ಟೋನ್ ಚೈನನ್ನು ಮೆಲ್ಲಗೆ ಬಿಡಿಸಿಟ್ಟುಕೊಂಡು, ಒಳಬದಿಯಲ್ಲಿ ಬ್ಲೇಡಿನಿಂದ ದಾರ ಸೀಳಿ, ಹಳೆಯ ಅಂಟನ್ನು ಕೆರೆದು ತೆಗೆಯಿರಿ. ಮುಂದಿನ ಹಬ್ಬದ ಸೀರೆಯ ಬಣ್ಣವನ್ನು ಅದೇ ಬಳೆಗೆ ಸುತ್ತಬಹುದು.