ಸ್ಟೀರಿಯೋ ರಿಸೀವರ್‌ಗೆ ಹೊಂದುವ ಸ್ಪೀಕರ್: ಮಿತವ್ಯಯದ ಆಯ್ಕೆ ಹೇಗೆ?

ದಿನವಿಡೀ ಅಂಗಡಿ, ಕಾರ್ಖಾನೆಗಳ ಗದ್ದಲದಲ್ಲಿ ದುಡಿದು ಮನೆಗೆ ಮರಳಿದ ಬಳಿಕ ಒಂದು ಗಂಟೆ ಸಂಗೀತ ಕೇಳುವ ಹವ್ಯಾಸ ನಮ್ಮ ವರ್ತಕ ಬಂಧುಗಳಲ್ಲಿ ಅನೇಕರಿಗಿದೆ. ಇಂಥವರ ಮನೆಗಳಲ್ಲಿ ಸ್ಟೀರಿಯೋ ರಿಸೀವರ್ ಇರುವುದು ಸಾಮಾನ್ಯ. ರೇಡಿಯೋ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಗೊಳಿಸಿದ ಈ ಉಪಕರಣಕ್ಕೆ ಹೊರಗಿನಿಂದ ಒಂದು ಜೊತೆ ಸ್ಪೀಕರ್ ಜೋಡಿಸಬೇಕಾಗುತ್ತದೆ. ಹಣ ಪೋಲಾಗುವುದು ಬಹುತೇಕ ಈ ಹಂತದಲ್ಲಿಯೇ.

ಈ ಮಾತನ್ನು ಸ್ವಾನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ಪೆಟ್ಟಿಗೆಯ ಮೇಲೆ ಮುದ್ರಿಸಿದ್ದ ದೊಡ್ಡ ವ್ಯಾಟ್ ಸಂಖ್ಯೆಯನ್ನು ನಂಬಿ ಒಂದು ಜೊತೆ ಸ್ಪೀಕರ್ ಕೊಂಡೆ. ಅದರ ಹಿಂಬದಿಯಲ್ಲಿ 4 ಓಂ ಎಂದಿತ್ತು. ನನ್ನ ರಿಸೀವರ್‌ನ ಹಿಂಬದಿಯಲ್ಲಿ ಕನಿಷ್ಠ 8 ಓಂ ಎಂದಿತ್ತು. ಎರಡನ್ನೂ ನಾನು ಓದಲಿಲ್ಲ. ಹಳೆಯ 8 ಓಂ ಜೊತೆಯನ್ನೂ ತೆಗೆಯದೆ, ದೀಪಾವಳಿಯ ಸಂಜೆ ಎರಡೂ ಜೊತೆಗಳನ್ನು ಒಟ್ಟಿಗೆ ಚಾಲನೆ ಮಾಡಿದೆ. ಅರ್ಧ ಗಂಟೆಯಲ್ಲಿ ಧ್ವನಿ ನಿಂತಿತು. ರಿಸೀವರ್‌ನ ಔಟ್‌ಪುಟ್ ಭಾಗ ಸುಟ್ಟುಹೋಗಿತ್ತು. ದುರಸ್ತಿಗೆ ತಗುಲಿದ ವೆಚ್ಚ ಹೊಸ ಸ್ಪೀಕರ್‌ಗಳ ಬೆಲೆಯ ಸಮೀಪಕ್ಕೆ ಬಂದಿತು. ಮಾರಾಟಗಾರರನ್ನು ದೂರುವಂತಿರಲಿಲ್ಲ, ಏಕೆಂದರೆ ಎರಡು ಸರಕುಗಳಲ್ಲಿಯೂ ದೋಷವಿರಲಿಲ್ಲ. ದೋಷವಿದ್ದುದು ಹೊಂದಾಣಿಕೆಯಲ್ಲಿ. ಅನ್ಯರ ಲೆಕ್ಕಪತ್ರಗಳನ್ನು ಸಾಲು ಸಾಲಾಗಿ ಪರಿಶೀಲಿಸುವ ನಾನು, ಸ್ವಂತ ಖರೀದಿಯಲ್ಲಿ ಎರಡು ಅಂಕಿಗಳನ್ನು ನೋಡದೆ ಹೋದೆ.

ಸ್ಪೀಕರ್ ಆಯ್ಕೆಯಲ್ಲಿ ಮುಖ್ಯವಾದ ಅಂಕಿಗಳು ಮೂರು: ಇಂಪೀಡೆನ್ಸ್, ಸೆನ್ಸಿಟಿವಿಟಿ ಮತ್ತು ನಿಜವಾದ ವ್ಯಾಟ್. ಇವುಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

1. ಇಂಪೀಡೆನ್ಸ್

ಸ್ಪೀಕರ್ ತನ್ನೊಳಗೆ ಹರಿಯುವ ವಿದ್ಯುತ್ತಿಗೆ ಒಡ್ಡುವ ತಡೆಯೇ ಇಂಪೀಡೆನ್ಸ್. ಇದರ ಮಾನ ಓಂ. ಸಾಮಾನ್ಯವಾಗಿ 8, 6 ಅಥವಾ 4 ಓಂಗಳ ಸ್ಪೀಕರ್‌ಗಳು ದೊರೆಯುತ್ತವೆ. ಓಂ ಕಡಿಮೆಯಾದಷ್ಟೂ ರಿಸೀವರ್ ಹೆಚ್ಚು ವಿದ್ಯುತ್ ಪೂರೈಸಬೇಕಾಗುತ್ತದೆ. ಉದಾಹರಣೆಗೆ, ರಿಸೀವರ್ 20 ವೋಲ್ಟ್ ನೀಡುತ್ತಿದ್ದರೆ 8 ಓಂ ಸ್ಪೀಕರ್ 2.5 ಆಂಪಿಯರ್ ಎಳೆಯುತ್ತದೆ. 4 ಓಂ ಸ್ಪೀಕರ್ 5 ಆಂಪಿಯರ್ ಎಳೆಯುತ್ತದೆ. ಹೊರೆ ಇಮ್ಮಡಿಯಾಗುತ್ತದೆ, ಶಾಖವೂ ಏರುತ್ತದೆ.

ಅನೇಕ ರಿಸೀವರ್‌ಗಳಲ್ಲಿ 'ಎ' ಮತ್ತು 'ಬಿ' ಎಂದು ಎರಡು ಜೊತೆ ಸ್ಪೀಕರ್‌ಗಳಿಗೆ ಅವಕಾಶವಿರುತ್ತದೆ. ಎರಡನ್ನೂ ಸಮಾಂತರವಾಗಿ ಜೋಡಿಸುವ ರಿಸೀವರ್‌ಗಳಲ್ಲಿ ಎರಡು 8 ಓಂ ಸ್ಪೀಕರ್‌ಗಳು ಸೇರಿ 4 ಓಂ ಆಗುತ್ತವೆ. ನನ್ನ ಪ್ರಕರಣದಲ್ಲಿ 8 ಮತ್ತು 4 ಸೇರಿ ಸುಮಾರು 2.7 ಓಂಗೆ ಇಳಿದಿತ್ತು. ಆದ್ದರಿಂದ ರಿಸೀವರ್‌ನ ಹಿಂಬದಿಯಲ್ಲಿ ಕನಿಷ್ಠ ಎಷ್ಟು ಓಂ ಎಂದು ಬರೆದಿದೆಯೋ ಅದಕ್ಕಿಂತ ಕಡಿಮೆಯ ಸ್ಪೀಕರ್ ಎಷ್ಟೇ ಅಗ್ಗವಾಗಿ ದೊರೆತರೂ ಕೊಳ್ಳಬಾರದು. ಸಂದೇಹವಿದ್ದಲ್ಲಿ 8 ಓಂ ಆಯ್ಕೆ ಕ್ಷೇಮ.

ಅಂಗಡಿಗಳಲ್ಲಿ ಪ್ರಕಟಣೆಗೆ ಬಳಸುವ 100 ವೋಲ್ಟ್ ಲೈನ್ ಸ್ಪೀಕರ್‌ಗಳು ಬೇರೆಯೇ ವ್ಯವಸ್ಥೆಗೆ ಸೇರಿದವು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಅವುಗಳನ್ನು ಮನೆಯ ರಿಸೀವರ್‌ಗೆ ಜೋಡಿಸುವುದು ತರವಲ್ಲ. ಹಾಗೆಯೇ, ಒಳಗೇ ಆಂಪ್ಲಿಫೈಯರ್ ಇರುವ 'ಆಕ್ಟಿವ್' ಸ್ಪೀಕರ್ ಕೊಂಡರೆ ಈಗಾಗಲೇ ನಿಮ್ಮಲ್ಲಿರುವ ಆಂಪ್ಲಿಫೈಯರ್‌ಗೆ ಮತ್ತೊಮ್ಮೆ ಹಣ ತೆತ್ತಂತಾಗುತ್ತದೆ. ರಿಸೀವರ್‌ಗೆ ಬೇಕಾದುದು 'ಪ್ಯಾಸಿವ್' ಸ್ಪೀಕರ್.

2. ಸೆನ್ಸಿಟಿವಿಟಿ

ಮಿತವ್ಯಯದ ಗುಟ್ಟು ಇರುವುದು ಇಲ್ಲಿ. 8 ಓಂ ಸ್ಪೀಕರ್‌ಗೆ 2.83 ವೋಲ್ಟ್, ಅಂದರೆ 1 ವ್ಯಾಟ್ ನೀಡಿದಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಹೊಮ್ಮುತ್ತದೆ ಎಂಬುದೇ ಸೆನ್ಸಿಟಿವಿಟಿ. ಮನೆಬಳಕೆಯ ಚಿಕ್ಕ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯವಾಗಿ 84ರಿಂದ 90ರ ನಡುವೆ ಇರುತ್ತದೆ.

ಅಂತರ ಅಲ್ಪವೆಂದು ತೋರಿದರೂ ಪರಿಣಾಮ ಅಲ್ಪವಲ್ಲ. ಪ್ರತಿ 3 ಡೆಸಿಬೆಲ್ ಹೆಚ್ಚಳಕ್ಕೆ ಇಮ್ಮಡಿ ವ್ಯಾಟ್ ಬೇಕು. ಆದ್ದರಿಂದ 86 ಡೆಸಿಬೆಲ್ ಸ್ಪೀಕರ್ 100 ವ್ಯಾಟ್‌ನಲ್ಲಿ ನೀಡುವ ಧ್ವನಿಯನ್ನು 89 ಡೆಸಿಬೆಲ್ ಸ್ಪೀಕರ್ 50 ವ್ಯಾಟ್‌ನಲ್ಲಿಯೇ ನೀಡುತ್ತದೆ. ಚಿಕ್ಕ ರಿಸೀವರ್ ಉಳ್ಳವರು ದೊಡ್ಡ ರಿಸೀವರ್‌ಗೆ ಹಣ ಹೂಡುವ ಬದಲು ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರ್ ಕೊಂಡರೆ ಅದೇ ಫಲ ದೊರೆಯುತ್ತದೆ.

ಒಂದು ಎಚ್ಚರಿಕೆ: 4 ಓಂ ಸ್ಪೀಕರ್ ಅದೇ 2.83 ವೋಲ್ಟ್‌ಗೆ 2 ವ್ಯಾಟ್ ಎಳೆಯುತ್ತದೆ. ಆದ್ದರಿಂದ ಅದರ ಅಂಕಿಯಿಂದ 3 ಕಳೆದು ಹೋಲಿಸಬೇಕು.

ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ ಧ್ವನಿ ಮತ್ತು ಹೆಚ್ಚು ಸೆನ್ಸಿಟಿವಿಟಿ, ಈ ಮೂರೂ ಒಂದೇ ಸ್ಪೀಕರ್‌ನಲ್ಲಿ ದೊರೆಯಲಾರವು. ಎರಡನ್ನು ಪಡೆದರೆ ಮೂರನೆಯದನ್ನು ಬಿಡಲೇಬೇಕು. ಅಮೆರಿಕದ ಕೆ.ಎಲ್.ಎಚ್. ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಿಂದ ಇದನ್ನು 'ಹಾಫ್‌ಮನ್ ಅವರ ಉಕ್ಕಿನ ನಿಯಮ' ಎಂದು ಕರೆಯುತ್ತಾರೆ. ಮೂರನ್ನೂ ಅಗ್ಗದ ಬೆಲೆಗೆ ಕೊಡುತ್ತೇವೆಂಬ ಜಾಹೀರಾತನ್ನು, ನಷ್ಟವೇ ಇಲ್ಲದ ವ್ಯಾಪಾರದ ಆಹ್ವಾನದಂತೆ ಅನುಮಾನದಿಂದಲೇ ನೋಡಬೇಕು.

3. ನಿಜವಾದ ವ್ಯಾಟ್

ಪೆಟ್ಟಿಗೆಗಳ ಮೇಲೆ ಕಾಣುವ 'ಪಿ.ಎಂ.ಪಿ.ಓ.' ವ್ಯಾಟ್‌ಗೆ ಒಪ್ಪಿತವಾದ ಯಾವ ಮಾನದಂಡವೂ ಇಲ್ಲ. ಲೆಕ್ಕಪತ್ರವಿಲ್ಲದೆ ಬಾಯಿಮಾತಿನಲ್ಲಿ ಹೇಳುವ ವಹಿವಾಟಿನಂತೆ ಅದು. ಗಮನಿಸಬೇಕಾದುದು 'ಆರ್.ಎಂ.ಎಸ್.' ವ್ಯಾಟ್. ಅದನ್ನು ನೋಡುವಾಗಲೂ ಎಷ್ಟು ಓಂನಲ್ಲಿ, ಎರಡೂ ಚಾನೆಲ್ ಚಾಲನೆಯಲ್ಲಿರುವಾಗಲೇ, ಯಾವ ಶ್ರುತಿವ್ಯಾಪ್ತಿಯಲ್ಲಿ, ಎಷ್ಟು ವಿಕೃತಿಯೊಂದಿಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಶೇ. 10 ವಿಕೃತಿಯಲ್ಲಿ ಅಳೆದ 100 ವ್ಯಾಟ್, ಶೇ. 1ರೊಳಗೆ ಅಳೆದ 100 ವ್ಯಾಟ್‌ಗೆ ಸಮನಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ಈ ಬಗ್ಗೆ ನಿಯಮ ರೂಪಿಸಿತು. 2024ರ ತಿದ್ದುಪಡಿಯು 8 ಓಂ ಹೊರೆಯಲ್ಲಿ, 20ರಿಂದ 20,000 ಹರ್ಟ್ಸ್‌ವರೆಗೆ, ಶೇ. 1ಕ್ಕಿಂತ ಕಡಿಮೆ ವಿಕೃತಿಯೊಂದಿಗೆ ಅಳೆಯಬೇಕೆಂದು ನಿಗದಿಪಡಿಸಿತು.

ಮನೆಯ ಕೋಣೆಯಲ್ಲಿ ಹದವಾದ ಧ್ವನಿಗೆ ಸರಾಸರಿ 1 ವ್ಯಾಟ್‌ನಷ್ಟೇ ಸಾಕಾಗುತ್ತದೆ. ಮೃದಂಗದ ಪೆಟ್ಟು, ತಾರಸ್ಥಾಯಿಯ ಏರುಗಳಂಥ ಕ್ಷಣಗಳಿಗೆ ಮಾತ್ರ ಹಲವು ಪಟ್ಟು ಬೇಕು. ಆದ್ದರಿಂದ ಪ್ರಾಮಾಣಿಕವಾದ 30ರಿಂದ 50 ವ್ಯಾಟ್‌ಗಳ ರಿಸೀವರ್ ಸಾಧಾರಣ ಹಜಾರಕ್ಕೆ ಧಾರಾಳ. ಚಿಕ್ಕ ರಿಸೀವರ್‌ನಿಂದ ದೊಡ್ಡ ಸ್ಪೀಕರ್ ಕೆಡುವುದಿಲ್ಲವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಶಕ್ತಿ ಮೀರಿ ಧ್ವನಿ ಏರಿಸಿದಾಗ ರಿಸೀವರ್ ಹೊಮ್ಮಿಸುವ ಒಡೆದ ಧ್ವನಿಯೇ ತೀವ್ರಸ್ವರದ ಟ್ವೀಟರ್‌ಅನ್ನು ಸುಡಬಲ್ಲದು. ಧ್ವನಿ ಕರ್ಕಶವಾದ ಕೂಡಲೇ ಇಳಿಸಬೇಕು.

ಉಳಿತಾಯ ಎಲ್ಲಿ?

ತಂತಿಗೆ ಹೆಚ್ಚು ಹಣ ತೆರುವುದು ಅನಗತ್ಯ. 1.5 ಚದರ ಮಿ.ಮೀ. ತಾಮ್ರದ ತಂತಿಯು 5 ಮೀಟರ್ ದೂರಕ್ಕೆ ಹೋಗಿಬರುವಾಗ ಒಡ್ಡುವ ತಡೆ ಸುಮಾರು 0.12 ಓಂ, 8 ಓಂ ಮುಂದೆ ಅದು ನಗಣ್ಯ. ಕೆಂಪು ತುದಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಬೇಕು. ಒಂದು ಸ್ಪೀಕರ್‌ನಲ್ಲಿ ಮಾತ್ರ ಅದಲುಬದಲಾದರೆ ಮಂದ್ರ ಧ್ವನಿ ಕುಗ್ಗುತ್ತದೆ.

ಬಳಸಿದ ಸ್ಪೀಕರ್ ಕೊಳ್ಳುವುದಾದರೆ ಶಂಕುವಿನ ಅಂಚನ್ನು ಪರೀಕ್ಷಿಸಿ. ಹಳೆಯ ಫೋಮ್ ಅಂಚು ಕಾಲಕ್ರಮೇಣ ಪುಡಿಯಾಗುತ್ತದೆ. ರಬ್ಬರ್ ಹೆಚ್ಚು ಬಾಳುತ್ತದೆ. ಶಂಕುವನ್ನು ಬೆರಳುಗಳಿಂದ ಸಮನಾಗಿ, ಮೆಲ್ಲನೆ ಒತ್ತಿದಾಗ ಉಜ್ಜುವ ಸದ್ದು ಬಂದರೆ ಆ ಜೊತೆಯನ್ನು ಬಿಡುವುದೇ ಲೇಸು.

ಗ್ರಾನೈಟ್ ಅಥವಾ ವಿಟ್ರಿಫೈಡ್ ನೆಲ, ಬರಿಯ ಗೋಡೆ, ಗಾಜಿನ ಕಿಟಕಿ ಇರುವ ನಮ್ಮ ಹಜಾರಗಳಲ್ಲಿ ಧ್ವನಿ ಪ್ರತಿಫಲಿಸಿ ಕಲಸಿಹೋಗುತ್ತದೆ. ಒಂದು ಜಮಖಾನ, ದಪ್ಪ ಪರದೆ ಹಾಕಿ, ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಇರಿಸಿದರೆ ದೊರೆಯುವ ಸುಧಾರಣೆ ಅನೇಕ ವೇಳೆ ದುಬಾರಿ ಸ್ಪೀಕರ್‌ನಿಂದಲೂ ದೊರೆಯದು.

ತೆರಿಗೆಯ ವಿಷಯದಲ್ಲಿ ಒಂದು ಮಾತು. ಮನೆಯ ಸ್ಪೀಕರ್‌ಅನ್ನು ಅಂಗಡಿಯ ಜಿ.ಎಸ್.ಟಿ. ಸಂಖ್ಯೆಗೆ ಬಿಲ್ ಮಾಡಿಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಪರಿಪಾಠ ಅಲ್ಲಲ್ಲಿ ಉಂಟು. ಕೇಂದ್ರ ಜಿ.ಎಸ್.ಟಿ. ಕಾಯ್ದೆ, 2017ರ ಕಲಂ 17(5)ರ ಪ್ರಕಾರ ಸ್ವಂತ ಉಪಯೋಗದ ಸರಕಿಗೆ ಜಮೆ ಲಭ್ಯವಿಲ್ಲ. ಪಡೆದಲ್ಲಿ ಮುಂದೆ ಬಡ್ಡಿ, ದಂಡ ಸಹಿತ ಹಿಂದಿರುಗಿಸಬೇಕಾದ ಪ್ರಸಂಗ ಬರಬಹುದು.

ಮಾರುವವರಿಗೂ ಒಂದು ಮಾತು

ನಮ್ಮ ಓದುಗರಲ್ಲಿ ಇಂಥ ಉಪಕರಣಗಳನ್ನು ತಯಾರಿಸುವ, ಮಾರುವ ಸಣ್ಣ ಉದ್ಯಮಿಗಳೂ ಇರಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 21ರ ಅನ್ವಯ, ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ರೂ. 10 ಲಕ್ಷದವರೆಗೆ, ಪುನರಾವರ್ತನೆಯಾದರೆ ರೂ. 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಉತ್ಪ್ರೇಕ್ಷೆಯ ವ್ಯಾಟ್ ಮುದ್ರಿಸುವ ಬದಲು ಓಂ, ಡೆಸಿಬೆಲ್ ಮತ್ತು ಆರ್.ಎಂ.ಎಸ್. ವ್ಯಾಟ್ ಎಂಬ ಮೂರು ಸತ್ಯ ಅಂಕಿಗಳನ್ನು ಮುದ್ರಿಸಿದರೆ ಕಾನೂನಿನ ಭಯವೂ ಇಲ್ಲ, ಸರಕು ಹಿಂದಿರುಗುವ ತಲೆನೋವೂ ಕಡಿಮೆ.

ಕೊಳ್ಳುವವರು ಮಾಡಬೇಕಾದುದು ಇಷ್ಟೇ: ರಿಸೀವರ್‌ನ ಹಿಂಬದಿಯ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, ತಮಗೆ ಚಿರಪರಿಚಿತವಾದ ಹಾಡನ್ನು ಹಾಕಿಸಿ ಕೇಳಿ, ಆ ಬಳಿಕವೇ ಹಣ ಪಾವತಿಸುವುದು. ಆ ಚೀಟಿ ಅಂದು ನನ್ನ ಜೇಬಿನಲ್ಲಿದ್ದಿದ್ದರೆ ದುರಸ್ತಿಯ ಹಣ ಉಳಿಯುತ್ತಿತ್ತು, ಹಬ್ಬದ ಸಂಜೆ ಮನೆ ಮೌನವಾಗುತ್ತಿರಲಿಲ್ಲ.