ಟಂಟಂ ಹದಕ್ಕೆ ತರುವ ಕಸುಬು

ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯಲ್ಲಿ ಟಂಟಂ ಎನ್ನುವ ಮೂರು ಗಾಲಿಯ ಗಾಡಿ ಸ್ಕೂಟರಿನ ವಂಶದ್ದು. ಇಟಲಿಯ ಪಿಯಾಜಿಯೊ ಕಂಪನಿ ತನ್ನ ವೆಸ್ಪಾ ಸ್ಕೂಟರನ್ನೇ ಆಧಾರವಾಗಿಟ್ಟುಕೊಂಡು 1948ರಲ್ಲಿ ‘ಆಪೆ’ ಎಂಬ ಸರಕು ಗಾಡಿಯನ್ನು ಹೊರತಂದಿತು. ಅದೇ ಕಂಪನಿಯ ಬಾರಾಮತಿ ಕಾರ್ಖಾನೆಯಿಂದ 1999ರ ನಂತರ ಡೀಸೆಲ್ ಆಪೆಗಳು ಈ ಭಾಗದ ರಸ್ತೆಗಿಳಿದವು. ಗಾಡಿ ದೊಡ್ಡದಾಯಿತು, ಎಂಜಿನ್ ಬದಲಾಯಿತು. ಆದರೆ ಮುಂದಿನ ಒಂಟಿ ಗಾಲಿ ಮತ್ತು ಹ್ಯಾಂಡಲ್ ಹಾಗೇ ಉಳಿದವು. ಇದರ ಹತೋಟಿಯ ಗುಣದೋಷಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಮೂರು ಗಾಲಿಗಳು ನೆಲ ಮುಟ್ಟುವ ಜಾಗಗಳನ್ನು ಗೆರೆ ಎಳೆದು ಕೂಡಿಸಿದರೆ ತ್ರಿಕೋನವಾಗುತ್ತದೆ. ಹಿಂದೆ ಅಗಲ, ಮುಂದೆ ಚೂಪು. ತಿರುವಿನಲ್ಲಿ ಭಾರ ಹೊರಬದಿಗೆ ವಾಲುತ್ತದೆ. ಅಲ್ಲೇ ಬ್ರೇಕ್ ಒತ್ತಿದರೆ ಮುಂದಕ್ಕೂ ಜರುಗುತ್ತದೆ. ಅಂದರೆ ಆಸರೆ ಕಿರಿದಾಗಿರುವ ಕಡೆಗೇ ಭಾರ ಸರಿಯುತ್ತದೆ. ಟಂಟಂ ಪಲ್ಟಿಯಾಗುವುದು ಸಾಮಾನ್ಯವಾಗಿ ಹೀಗೆ. ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು ಮುಗಿಸಬೇಕು ಎನ್ನುವುದಕ್ಕೂ ಇದೇ ಕಾರಣ.

ಅಫಜಲಪುರ ತಾಲೂಕಿನ ಹವಳಗಾ ಸುತ್ತಲಿನ ನೆಲ ಎರೆಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ಡಾಂಬರಿನ ಅಂಚು ಬಹಳ ದಿನ ನಿಲ್ಲುವುದಿಲ್ಲ. ಅಲ್ಲಿನ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ದಾರಿ ಬಿಟ್ಟು ಟಂಟಂ ಪದೇ ಪದೇ ಅಂಚಿಗಿಳಿಯಬೇಕು. ಜೋಡುಗಾಲಿಯ ಗಾಡಿ ಗುಂಡಿಯನ್ನು ತಪ್ಪಿಸಿಕೊಂಡು ಹೋಗಬಹುದು. ಮೂರು ಜಾಡು ತುಳಿಯುವ ಟಂಟಂನ ಯಾವುದಾದರೂ ಒಂದು ಗಾಲಿ ಗುಂಡಿಗೆ ಬೀಳುವುದೇ ಹೆಚ್ಚು. ಬುಶ್, ಬೇರಿಂಗ್, ಬಾಲ್ ರೇಸ್‌ಗಳು ಬೇಗ ಸವೆಯುತ್ತವೆ. ಕಡೆಗೆ ಚಾಲಕ ಗ್ಯಾರೇಜಿಗೆ ಬಂದು ಹೇಳುವುದು ಒಂದೇ ಮಾತು: ‘ಹ್ಯಾಂಡಲ್ ಜಗ್ಗತದ.’

ಈ ದೂರು ಕೇಳಿದ ಕೂಡಲೇ ಪಾನಾ ಹಿಡಿದು ಹ್ಯಾಂಡಲಿನ ನಟ್ ಬಿಗಿಯುವ ರೂಢಿ ಬಹಳ ಕಡೆ ಇದೆ. ಅದು ತಲೆಕೆಳಗಾದ ಕ್ರಮ. ಕೆಲಸ ನೆಲದಿಂದ ಮೇಲಕ್ಕೆ ಏರಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ ಆಗಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಪರೀಕ್ಷೆಯೂ ಅದೇ ರಸ್ತೆಯಲ್ಲಿ, ಅಷ್ಟೇ ಭಾರದಲ್ಲಿ ನಡೆಯಬೇಕು. ರಸ್ತೆ ನಡುವೆ ಉಬ್ಬಿ ಬದಿಗೆ ಇಳಿಜಾರಾಗಿರುವುದರಿಂದ ಸರಿಯಿರುವ ಗಾಡಿಯೂ ತುಸು ಎಡಕ್ಕೆ ಎಳೆಯುತ್ತದೆ. ಅದನ್ನು ದೋಷವೆಂದು ತಿದ್ದಲು ಹೊರಟರೆ ಇಲ್ಲದ ದೋಷ ಹುಟ್ಟುತ್ತದೆ.

ಮೊದಲು ಹವಾ. ಹಿಂದಿನ ಎರಡು ಟೈರಿನ ಹವಾ ಸಮನಾಗಿರಬೇಕು, ಗಾಡಿ ತಣ್ಣಗಿದ್ದಾಗಲೇ ಅಳೆಯಬೇಕು. ಒಂದು ಬದಿ ಹೊಸ ಟೈರ್, ಇನ್ನೊಂದು ಬದಿ ಸವೆದದ್ದು ಇದ್ದರೂ ಗಾಡಿ ಎಳೆಯುತ್ತದೆ. ‘ಜಗ್ಗುವ’ ಎಷ್ಟೋ ಟಂಟಂಗಳ ರೋಗ ಇಲ್ಲೇ ವಾಸಿಯಾಗುತ್ತದೆ, ಖರ್ಚೂ ಇಲ್ಲ.

ಮುಂದಿನದು ಹಿಂದಿನ ಗಾಲಿಗಳ ನೇರ. ಇದಕ್ಕೆ ಒಂದು ಉದ್ದನೆಯ ದಾರ ಸಾಕು. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡಲ್ ನೇರ ಹಿಡಿದು, ಹಿಂದಿನ ಟೈರಿನ ಹೊರಮೈಯ ಎರಡೂ ಅಂಚಿಗೆ ತಾಗುವಂತೆ ದಾರವನ್ನು ಮುಂದಿನ ಗಾಲಿಯ ಪಕ್ಕದವರೆಗೆ ಬಿಗಿಯಾಗಿ ಎಳೆಯಬೇಕು. ಇನ್ನೊಂದು ಬದಿಯಲ್ಲೂ ಹಾಗೆಯೇ. ಮುಂದಿನ ಗಾಲಿಯಿಂದ ಎರಡೂ ದಾರಗಳಿಗೆ ಅಂತರ ಒಂದೇ ಇದ್ದರೆ ಸರಿ. ಒಂದು ಬದಿ ಕಡಿಮೆ ಬಂದರೆ ಆ ಬದಿಯ ಗಾಲಿ ಒಳಮುಖವಾಗಿದೆ. ಬುಶ್ ತಿಂದಿರಬೇಕು, ಇಲ್ಲವೇ ಗಾಲಿ ಹಿಡಿದ ತೋಳು ಬಾಗಿರಬೇಕು.

ಆಮೇಲೆ ಬ್ರೇಕ್. ಹಿಂದಿನ ಗಾಲಿಗಳನ್ನು ಒಂದೊಂದಾಗಿ ಜಾಕಿನ ಮೇಲೆತ್ತಿ ಕೈಯಲ್ಲಿ ತಿರುಗಿಸುತ್ತಾ, ಶೂ ಡ್ರಮ್ಮಿಗೆ ತಾಗುವವರೆಗೆ ಬಿಗಿದು ತುಸು ಸಡಿಲಿಸಬೇಕು. ಎರಡೂ ಸಮನಾಗಿ ತಿರುಗಬೇಕು. ಆಯಿಲ್ ಸೀಲ್ ಸೋರಿ ಲೈನರ್ ಒದ್ದೆಯಾಗಿದ್ದರೆ ಎಷ್ಟು ಬಿಗಿದರೂ ಆ ಬದಿ ಹಿಡಿಯುವುದಿಲ್ಲ.

ಹ್ಯಾಂಡಲಿನ ಸರದಿ ಇದೆಲ್ಲ ಆದ ಮೇಲೆ. ಮುಂಗಾಲಿಯನ್ನು ನೆಲದಿಂದ ಎತ್ತಿ, ಅದನ್ನು ಹಿಡಿದು ಹಿಂದೆಮುಂದೆ ಅಲ್ಲಾಡಿಸಿದಾಗ ‘ಟಕ್’ ಎಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಅಂದರೆ ಕೋನ್ ಸೆಟ್, ಸಡಿಲ. ಆಗ ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿದು ಮತ್ತೆ ನೋಡಬೇಕು. ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುವಾಗ ನಟ್ಟನಡುವೆ ಸಿಕ್ಕಿಕೊಂಡಂತಾದರೆ ಬಾಲ್ ರೇಸಿನಲ್ಲಿ ಕುಳಿ ಬಿದ್ದಿದೆ ಎಂದರ್ಥ. ಅದನ್ನು ಬಿಗಿದು ಸರಿಮಾಡಲಾಗದು, ಬದಲಿಸಲೇಬೇಕು. ಅತಿಯಾಗಿ ಬಿಗಿದ ಹ್ಯಾಂಡಲ್ ತಾನಾಗಿ ನೇರಕ್ಕೆ ಮರಳದೆ ಗಾಡಿಯನ್ನು ತೇಲಾಡಿಸುತ್ತದೆ. ಮುಂದಿನ ಶಾಕ್ ಅಬ್ಸಾರ್ಬರ್ ಅನ್ನೂ ಈಗಲೇ ಒತ್ತಿ ಬಿಟ್ಟು ನೋಡಬೇಕು: ಮೇಲೆದ್ದು ಒಂದೇ ಸಲಕ್ಕೆ ನಿಲ್ಲಬೇಕು, ಕುಣಿಯಬಾರದು.

ಇಷ್ಟೆಲ್ಲ ಹದ ಮಾಡಿದ ಗಾಡಿಯನ್ನೂ ಹೇರು ಕೆಡಿಸಬಲ್ಲದು. ಗಾಣಗಾಪುರ ರೋಡ್ ರೈಲು ನಿಲ್ದಾಣದಲ್ಲಿ ಇಳಿದ ದತ್ತಭಕ್ತರನ್ನು ದೇವಲ ಗಾಣಗಾಪುರಕ್ಕೆ ಒಯ್ಯುವಂಥ ಬಾಡಿಗೆಯಲ್ಲಿ ಚಾಲಕನ ಇಬ್ಬದಿಗೂ ಜನ ಕೂತರೆ ಭಾರ ಚೂಪು ತುದಿಗೆ ಸರಿಯುತ್ತದೆ, ಹ್ಯಾಂಡಲ್ ಪೂರ್ತಿ ಹೊರಳಲು ಮೊಣಕಾಲು ಅಡ್ಡ ಬರುತ್ತದೆ. ಟಪ್ಪಿನ ಮೇಲಿನ ಚೀಲಗಳು ಭಾರದ ಕೇಂದ್ರವನ್ನು ಎತ್ತರಕ್ಕೇರಿಸುತ್ತವೆ. ಸರಕನ್ನು ಹಿಂದಿನ ಗಾಲಿಗಳಿಗಿಂತ ಆಚೆ ಚಾಚಿದರೆ ಮುಂಗಾಲಿ ಹಗುರಾಗಿ ಏರಿನಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಹಿಂದಿನ ಗಾಲಿಗಳಿಗೆ ತುಸು ಮುಂದೆ, ಆದಷ್ಟು ತಗ್ಗಿನಲ್ಲಿ ಹೇರುವುದು ಒಳ್ಳೆಯದು.

ಗಾಲಿಗಳ ನಡುವಿನ ಅಗಲ ಹೆಚ್ಚಿಸುವುದು, ಚಾಸಿ ಕೊಯ್ದು ಉದ್ದ ಮಾಡುವುದು ಹೊಂದಾಣಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಹ್ಯಾಂಡಲ್ ಕೊಳವೆಯ ಬುಡದ ಬೆಸುಗೆಯಲ್ಲಿ ಬಿರುಕು ಕಂಡರೆ ಮಿಸ್ತ್ರಿ ಪಾನಾ ಕೆಳಗಿಡಬೇಕು. ಆ ಗಾಡಿ ಚಾಸಿ ದುರಸ್ತಿಯಾಗುವವರೆಗೆ ರಸ್ತೆಗಿಳಿಯಬಾರದು.